ಕರೆಗೆ ಓಗೊಡುವುದು

ಊರು ಬಿಟ್ಟು ಪುಣೆಯಲ್ಲಿ ನೆಲೆಸಿದ ನಮ್ಮಂಥವರಿಗೆ ಮಕ್ಕಳ ಕನ್ನಡ ಉಳಿಯುವುದು ಹೇಗೆಂಬ ಚಿಂತೆ ತಪ್ಪಿದ್ದಲ್ಲ. ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಮಗಳು ತಮ್ಮನಿಗಾಗಿ ಕ್ರೋಮ್ ಬ್ರೌಸರಿಗೆ ಒಂದು ಪುಟ್ಟ ಎಕ್ಸ್‌ಟೆನ್ಷನ್ ಬರೆದಳು. ತಿಳಿಯದ ಕನ್ನಡ ಪದದ ಮೇಲೆ ಒತ್ತಿದರೆ ಅರ್ಥ ಕಾಣಬೇಕು. ಆ ಪದ ಪಟ್ಟಿಗೂ ಸೇರಬೇಕು. ಭಾನುವಾರ ಧಾರವಾಡದ ಅಜ್ಜಿಗೆ ಫೋನಿನಲ್ಲಿ ಪಟ್ಟಿ ಒಪ್ಪಿಸುವುದೆಂದು ಕರಾರಾಯಿತು.

ಮೊದಲ ಭಾನುವಾರವೇ ಪಟ್ಟಿ ಬರಿದು! ವಾರವೆಲ್ಲ ಕೂಡಿಸಿದ ಪದಗಳು ಮಾಯವಾಗಿದ್ದವು. “ನನಗೆ ಕನ್ನಡವೇ ಬೇಡ” ಎಂದು ಹುಡುಗ ಎದ್ದುಹೋದ. ಆ ಮಾತು ನಮ್ಮ ಮನಸ್ಸಿಗೆ ನಾಟಿತು. ಸಂಗತಿ ಕೇಳಿದ ಅಜ್ಜಿ, “ನೆಪ್ಪಿನ್ಯಾಗ ಇಟ್ಕೊಂಡ್ರ ಉಳೀತದೇನವಾ? ಬರದಿಡಬೇಕು” ಎಂದರು. ಮಗಳು ಹಣೆ ಬಡಿದುಕೊಂಡಳು. ತಪ್ಪು ಇದ್ದದ್ದು ಅಲ್ಲಿಯೇ.

ಅವಳು ವಿವರಿಸಿದ್ದಿಷ್ಟು. ಎಕ್ಸ್‌ಟೆನ್ಷನ್ನಿನ ಒಂದು ಭಾಗ ಪುಟದೊಳಗಿದ್ದು, ಒತ್ತಿದ ಪದವನ್ನು ಸಂದೇಶವಾಗಿ ಕಳುಹುತ್ತದೆ. ಇನ್ನೊಂದು ಹಿನ್ನೆಲೆಯಲ್ಲಿದ್ದು, ಸಂದೇಶ ಬಂದಾಗ ಓಗೊಡುತ್ತದೆ. ಅದಕ್ಕೆ ಸರ್ವಿಸ್ ವರ್ಕರ್ ಎಂದು ಹೆಸರು. ೨೦೨೧ರಲ್ಲಿ ಬಳಕೆಗೆ ಬಂದ ಮ್ಯಾನಿಫೆಸ್ಟ್ ೩ರ ಪದ್ಧತಿಯಲ್ಲಿ ಈ ಕೆಲಸಗಾರ ಸದಾ ಎಚ್ಚರವಿರುವುದಿಲ್ಲ. ಸುಮಾರು ೩೦ ಸೆಕೆಂಡು ಯಾರೂ ಕರೆಯದಿದ್ದರೆ ಬ್ರೌಸರ್ ಅವನನ್ನು ಮಲಗಿಸುತ್ತದೆ. ಕರೆ ಬಂದರೆ ಮತ್ತೆ ಎಬ್ಬಿಸುತ್ತದೆ. ಎದ್ದವನು ಕಾರ್ಯಕ್ರಮವನ್ನು ಮೊದಲ ಸಾಲಿನಿಂದ ಓದುತ್ತಾನೆ. ಹಿಂದಿನ ನೆನಪು ಅವನಿಗಿಲ್ಲ. ಪದಗಳ ಪಟ್ಟಿ ಇದ್ದದ್ದು ಆ ನೆನಪಿನಲ್ಲೇ!

ಹಾಗಾದರೆ ಪರೀಕ್ಷಿಸುವಾಗ ಏಕೆ ತಿಳಿಯಲಿಲ್ಲ? ಆಗ ಅವಳು ಅವನ ಕೆಲಸವನ್ನು ನೋಡುವ ಡೆವ್‌ಟೂಲ್ಸ್ ಕಿಟಕಿಯನ್ನು ತೆರೆದಿಟ್ಟಿದ್ದಳಂತೆ. ಅದು ತೆರೆದಿರುವಷ್ಟು ಹೊತ್ತು ಅವನು ಮಲಗುವುದಿಲ್ಲ. ಯಜಮಾನ ಎದುರಿಗಿರುವಾಗ ಯಾರು ತಾನೇ ತೂಕಡಿಸಿಯಾರು!

ಪಟ್ಟಿಯನ್ನು ಬ್ರೌಸರಿನ ಸ್ಟೋರೇಜ್ ಎಂಬ ಉಗ್ರಾಣದಲ್ಲಿ ಬರೆದಿಡುವಂತೆ ಮಾಡಿದಳು. ಪಟ್ಟಿ ಉಳಿಯಿತು, ಅರ್ಥ ಬರುವುದು ನಿಂತಿತು! ಈಗ ಅವನು ಮೊದಲು ಉಗ್ರಾಣಕ್ಕೆ ಹೋಗಿ ಬಂದು, ಆಮೇಲೆ ಉತ್ತರ ಹೇಳುತ್ತಿದ್ದ. ಅಷ್ಟರಲ್ಲಿ ಮಾತಿನ ದಾರಿ ಮುಚ್ಚಿರುತ್ತಿತ್ತು. ಉತ್ತರ ತಡವಾಗುವುದಾದರೆ, ಸಂದೇಶ ಕೇಳಿದೊಡನೆ ‘ಟ್ರೂ’ ಎಂದು ಹಿಂದಿರುಗಿಸಬೇಕಂತೆ. “ಇರಿ, ಹೇಳುತ್ತೇನೆ” ಎಂಬುದೇ ಅದರ ಅರ್ಥ. ಆ ಒಂದು ಸಾಲು ಸೇರಿಸಿದ ಮೇಲೆ ಎಲ್ಲವೂ ಸರಿಹೋಯಿತು. ಕರೆಗೆ ಕಿವಿಗೊಡುವ ಸಾಲುಗಳು ಮಾತ್ರ ಯಾವುದಕ್ಕೂ ಕಾಯದೆ ಕಾರ್ಯಕ್ರಮದ ಮೊದಲಲ್ಲೇ ಇರಬೇಕೆಂದೂ ಹೇಳಿದಳು. ಇಲ್ಲವಾದರೆ, ಎಬ್ಬಿಸಿದ ಕರೆಯೇ ಎದ್ದವನ ಕಿವಿಗೆ ಬೀಳದೆ ಹೋದೀತು.

ಮುಂದಿನ ಭಾನುವಾರ ಹುಡುಗ ಒಲ್ಲದ ಮನಸ್ಸಿನಿಂದಲೇ ಫೋನು ಹಿಡಿದು ಹದಿನಾಲ್ಕು ಪದಗಳನ್ನು ಒಪ್ಪಿಸಿದ. ಅಜ್ಜಿ ಹದಿನೈದನೆಯದನ್ನು ತಾವೇ ಕೊಟ್ಟರು. ಅದನ್ನು ಅವನು ತನ್ನ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡ.