ಗುರಿ ತಪ್ಪಿದರೆ ನಳಿಗೆಯನ್ನೂ ನೋಡಿ

ಮಲಪನಗುಡಿಯಿಂದ ಹೊಸಪೇಟೆಗೆ ಓದಲು ಹೋಗಿ ಎನ್‌ಸಿಸಿ ಸೇರಿದ ಹುಡುಗನೋ ಹುಡುಗಿಯೋ ಶಿಬಿರ ಮುಗಿಸಿ ಬಂದರೆ, ಮನೆಯವರಿಗೆ ಬಂದೂಕು ಹಾರಿಸಿದ ಕಥೆಯೇ ಮೊದಲು ಬೇಕು. 25 ಗಜ ದೂರದ ಗುರಿಹಲಗೆಗೆ ಐದು ಗುಂಡು. ಐದೂ ಒತ್ತಾಗಿ ಬಿದ್ದಿದ್ದರೆ ಸಂಭ್ರಮ, ಚೆಲ್ಲಾಪಿಲ್ಲಿಯಾಗಿದ್ದರೆ ಸಪ್ಪೆ ಮುಖ. ‘ಬಂದೂಕೇ ಸರಿ ಇರಲಿಲ್ಲಪ್ಪ’ ಎಂದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಕೇಳಬೇಕಾಗುತ್ತದೆ. ಆದರೆ ಬಂದೂಕಿನ ವಿಷಯದಲ್ಲಿ ನೆಲ ನಿಜಕ್ಕೂ ಡೊಂಕಿರುವುದುಂಟು.

ಎನ್‌ಸಿಸಿಯ ಪಾಯಿಂಟ್ ಟೂ ಟೂ ರೈಫಲ್ಲಿನ ನಳಿಗೆ ಸುಮಾರು 5.6 ಮಿಲಿಮೀಟರ್ ಅಗಲ. ಒಳಗೋಡೆಯಲ್ಲಿ ತಿರುಪಿನಂತೆ ಸುತ್ತುವ ಗಾಡಿಗಳಿವೆ. ಸಾಮಾನ್ಯವಾಗಿ 16 ಅಂಗುಲಕ್ಕೆ ಒಂದು ಸುತ್ತು. ಗುಂಡು ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಹೊರಟರೆ ಎಷ್ಟು ಗಿರಕಿ? ಮಕ್ಕಳು ಲೆಕ್ಕ ಹಾಕಬಹುದು: ಸೆಕೆಂಡಿಗೆ 800ಕ್ಕೂ ಮೇಲೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ, ತಿರುಗುವ ಗುಂಡು ಮೂತಿ ಮುಂದಾಗಿಯೇ ಸಾಗುತ್ತದೆ.

ಈ ಗುಂಡು ಮೆತ್ತನೆಯ ಸೀಸದ್ದು. ಹಾರಿಸಿದಾಗೆಲ್ಲ ಚೂರು ಸೀಸ, ಗುಂಡಿಗೆ ಬಳಿದ ಮೇಣ, ಸುಟ್ಟ ಮದ್ದಿನ ಮಸಿ ಒಳಗೆ ಉಳಿಯುತ್ತವೆ. ತೆಳ್ಳಗೆ ಸಮನಾಗಿ ಕೂತರೆ ಚಿಂತೆಯಿಲ್ಲ. ಒಂದೆಡೆ ದಪ್ಪ, ಇನ್ನೊಂದೆಡೆ ತೆಳು ಆದಾಗ ಒಂದೊಂದು ಗುಂಡಿಗೂ ಒಂದೊಂದು ಬಗೆಯ ಹಿಡಿತ ಸಿಗುತ್ತದೆ. ಕೈ ಅಲುಗದಿದ್ದರೂ ಗುಂಪು ಚದುರುತ್ತದೆ.

ಉಪಾಯ ಹಳೆಯದೇ. ಉಸ್ತಾದರು ಬಂದೂಕು ಖಾಲಿಯಿದೆಯೇ ಎಂದು ನೋಡಿ ಬೋಲ್ಟ್ ತೆಗೆದ ಮೇಲಷ್ಟೇ ಕೆಲಸ ಶುರು. ಅವರಿಲ್ಲದೆ ಮಕ್ಕಳು ಮುಟ್ಟುವಂತೆಯೇ ಇಲ್ಲ. ಪುಲ್‌ಥ್ರೂ ಎಂಬ ಹಗ್ಗದ ತೂಕದ ತುದಿಯನ್ನು ಹಿಂಬದಿಯಿಂದ ಇಳಿಬಿಟ್ಟು, ಇನ್ನೊಂದು ತುದಿಗೆ ಚಿಂದಿ ಸಿಕ್ಕಿಸಿ, ನಳಿಗೆಯ ಬಾಯಿಂದ ಒಂದೇ ಸಮನೆ ನೆಟ್ಟಗೆ ಎಳೆಯಬೇಕು. ಓರೆಯಾಗಿ ಎಳೆದರೆ ಹಗ್ಗವೇ ಬಾಯಂಚನ್ನು ಸವೆಸುತ್ತದೆ. ಸವೆದ ಕಡೆ ಹೊಗೆ ಮೊದಲು ನುಗ್ಗಿ ಗುಂಡನ್ನು ವಾಲಿಸುತ್ತದೆ. ಮಸಿಯಾದರೆ ಒರೆಸಬಹುದು, ಸವೆತಕ್ಕೆ ಮದ್ದಿಲ್ಲ. ಕೆಲಸ ಮುಗಿದ ಮೇಲೆ ಎಣ್ಣೆ ಚಿಂದಿ, ಮತ್ತೆ ಹಾರಿಸುವ ಮುನ್ನ ಒಣ ಚಿಂದಿ. ಎಣ್ಣೆ ಉಳಿದರೆ ಮೊದಲ ಗುಂಡೇ ಬೇರೆ ದಾರಿ ಹಿಡಿದೀತು. ತೊಳೆದ ನಳಿಗೆ ಕೂಡ ಕೆಲವು ಗುಂಡುಗಳಾದ ಮೇಲೆಯೇ ಹದಕ್ಕೆ ಬರುವುದು. ಅತಿ ಉಜ್ಜಾಟ ಬೇಡ.

ಹಳಬರ ಪಾಡು ಇನ್ನೂ ಕಷ್ಟದ್ದು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದಾಗ, ಪೋರ್ಚುಗೀಸ ಫಿಗೆರೆದೊ ಮತ್ತು ಸಂಗಡಿಗರು ಕೋಟೆಗೋಡೆಯ ಮೇಲಿನವರಿಗೆ ಗುರಿಯಿಟ್ಟದ್ದನ್ನು ನೂನಿಜ್ ಬರೆದಿದ್ದಾನೆ. ಆ ಕೋವಿಗಳಿಗೆ ಹಾಕುತ್ತಿದ್ದುದು ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆತ ಕರಿಮದ್ದು. ಅದರ ಬೂದಿಯಲ್ಲಿ ಉಪ್ಪಿನಂಶ ಹೆಚ್ಚು. ತೇವ ಹೀರಿ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಸಬಲ್ಲದು. ಉಪ್ಪು ಎಣ್ಣೆಗೆ ಕರಗದು, ನೀರಿಗೆ ಕರಗುತ್ತದೆ. ಅದಕ್ಕೇ ಮಲೆನಾಡಿನ ಕೇಪಿನ ಕೋವಿಗೆ ಬಿಸಿನೀರ ಸ್ನಾನ.

ಕೊಡಗಿನಲ್ಲಿ ಈ ಕೆಲಸಕ್ಕೆ ಹಬ್ಬವೇ ಉಂಟು. ನಾಟಿ ಮುಗಿದು, ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಬಂದಾಗ ಮಳೆಗಾಲವಿಡೀ ಸುಮ್ಮನಿದ್ದ ಕೋವಿಗಳನ್ನು ಹೊರತೆಗೆದು ಶುಚಿ ಮಾಡಿ, ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ಆಮೇಲೆ ಊರಿನವರೆಲ್ಲ ಮೈದಾನಕ್ಕೆ ನಡೆಯುತ್ತಾರೆ, ತೆಂಗಿನಕಾಯಿಗೆ ಗುಂಡು ಹೊಡೆಯಲು.