ರೆಸಾರ್ಟಿನ ಗೇಟಿನೊಳಗೆ ನಮ್ಮ ಯುವಶಿಬಿರ ಬೇಡ



ಈ ವರ್ಷದ ಯುವಶಿಬಿರವನ್ನು ಬೇಕಲದ ಕಡಲ ಬದಿಯ ಒಂದು ಫೈವ್ ಸ್ಟಾರ್ ರೆಸಾರ್ಟಿನಲ್ಲಿ ಮಾಡೋಣ ಎಂಬ ಸಲಹೆ ನಮ್ಮ ಧರ್ಮಕೇಂದ್ರದ ಯುವಜನರ ವಾಟ್ಸಾಪ್ ಗುಂಪಿಗೆ ಬಂದಿದೆ. ಎರಡು ರಾತ್ರಿ ವಾಸ, ಈಜುಕೊಳ, ಬಫೆ ಊಟ, ಸಂಜೆ ಬೀಚಿನಲ್ಲಿ ಪ್ರಾರ್ಥನೆ, ಭಾನುವಾರ ಅಲ್ಲಿನ ಹಾಲಿನಲ್ಲೇ ಬಲಿಪೂಜೆ. ಸಲಹೆ ಬಂದ ಗಳಿಗೆಯಲ್ಲೇ ಹೆಬ್ಬೆರಳಿನ ಗುರುತುಗಳ ಸುರಿಮಳೆ. ಯುವಜನರ ಹೊಣೆ ಹೊತ್ತಿರುವ ನಾವು ಮಾತ್ರ ಬೇಡ ಎನ್ನುತ್ತೇವೆ. ಗುಂಪಿನಲ್ಲಿ ಎರಡು ಸಾಲು ಬರೆದು ಜಗಳ ಆಡುವುದಕ್ಕಿಂತ ಕಾರಣಗಳನ್ನು ಇಲ್ಲಿ ಪೂರ್ತಿಯಾಗಿ ಹೇಳುವುದು ಒಳ್ಳೆಯದು.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇವೆ. ವಿಶ್ರಾಂತಿ ಪಾಪವಲ್ಲ. ಮಾರ್ಕನ ಶುಭಸಂದೇಶದ ಆರನೇ ಅಧ್ಯಾಯದಲ್ಲಿ ಯೇಸುಸ್ವಾಮಿಯೇ ದಣಿದ ಶಿಷ್ಯರನ್ನು ಜನವಿಲ್ಲದ ಕಡೆಗೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಲು ಕರೆಯುತ್ತಾರೆ. ಅವರು ದೋಣಿಯಲ್ಲಿ ಹೊರಡುತ್ತಾರೆ. ಆದರೆ ಮುಂದೇನಾಯಿತು? ಜನ ದಡದ ಮೇಲೆ ಓಡಿಬಂದು ಅವರಿಗಿಂತ ಮೊದಲೇ ಅಲ್ಲಿ ತಲುಪಿದ್ದರು. ಸ್ವಾಮಿ ಅವರನ್ನು ಕಂಡು ಕನಿಕರಪಟ್ಟರು, ಬೋಧಿಸಿದರು, ಅದೇ ಹುಲ್ಲಿನ ಮೇಲೆ ಕೂರಿಸಿ ಊಟ ಕೊಟ್ಟರು. ರೆಸಾರ್ಟ್ ಎಂಬ ಏರ್ಪಾಟು ಇದಕ್ಕೆ ನೇರ ವಿರುದ್ಧ. ಜನ ಒಳಗೆ ಬಾರದಿರಲಿ ಎಂಬುದಕ್ಕೇ ಅಲ್ಲಿ ಗೋಡೆ, ಗೇಟು, ವಾಚ್‌ಮನ್. ನಾವು ತೆರುವ ಹಣದ ದೊಡ್ಡ ಪಾಲು ಆ ಗೋಡೆಗೇ ಹೋಗುತ್ತದೆ.

ಈಗ ಹಣದ ಲೆಕ್ಕ ನೋಡೋಣ. ಒಂದು ಕೋಣೆಗೆ ರಾತ್ರಿಗೆ 10,000 ರೂಪಾಯಿ ಎಂದು ಇಟ್ಟುಕೊಳ್ಳಿ. ಇಂಥ ಜಾಗಗಳಲ್ಲಿ ಇದು ಕಡಿಮೆಯೇ. ದಿನಕ್ಕೆ 7,500 ರೂಪಾಯಿ ಮೀರಿದ ಕೋಣೆಗೆ ಶೇ. 18 ಜಿಎಸ್‌ಟಿ. ಅಲ್ಲಿಗೆ 11,800 ಆಯಿತು. ನಲವತ್ತು ಮಂದಿ, ಕೋಣೆಗೆ ಇಬ್ಬರಂತೆ ಇಪ್ಪತ್ತು ಕೋಣೆ, ಎರಡು ರಾತ್ರಿ: ಒಟ್ಟು 4,72,000 ರೂಪಾಯಿ. ಮಧ್ಯಾಹ್ನದ ಊಟ, ರಾತ್ರಿಯ ಊಟ, ಹಾಲಿನ ಬಾಡಿಗೆ ಬೇರೆ. ಒಬ್ಬೊಬ್ಬರ ತಲೆಗೆ ಕೋಣೆಯ ಖರ್ಚೇ 11,800. ಕೇರಳದಲ್ಲಿ 2025-26ನೇ ಸಾಲಿನ ಉದ್ಯೋಗ ಖಾತರಿ ಕೂಲಿ ದಿನಕ್ಕೆ 369 ರೂಪಾಯಿ. ಅಂದರೆ ಆ ಕೂಲಿಗೆ ಹೋಗುವ ಒಬ್ಬ ತಾಯಿಯ 32 ದಿನದ ದುಡಿಮೆ, ಮಗನ ಎರಡು ರಾತ್ರಿಯ ನಿದ್ದೆಗೆ.

ನಮ್ಮಲ್ಲಿ ಅಂಥ ತಾಯಂದಿರಿಲ್ಲವೇ? ಬೀಡಿ ಕಟ್ಟುವ, ಅಡಿಕೆ ಸುಲಿಯಲು ಹೋಗುವ, ಬೇರೆಯವರ ಮನೆಯಲ್ಲಿ ಅಡುಗೆ ಮಾಡುವ ಅಮ್ಮಂದಿರ ಮಕ್ಕಳು ನಮ್ಮ ಗಾಯನ ಮಂಡಳಿಯಲ್ಲೇ ಇದ್ದಾರೆ. ಅವರು "ನಮ್ಮಲ್ಲಿ ದುಡ್ಡಿಲ್ಲ" ಎಂದು ಗುಂಪಿನಲ್ಲಿ ಬರೆಯುತ್ತಾರೆಂದು ನಿರೀಕ್ಷಿಸಬೇಡಿ. ಪರೀಕ್ಷೆ ಇದೆ, ಅಜ್ಜಿಗೆ ಹುಷಾರಿಲ್ಲ, ರಜೆ ಸಿಗಲಿಲ್ಲ ಎನ್ನುತ್ತಾರೆ. ನಾವು ಅದನ್ನು ನಂಬಿ, ಉಳಿದವರ ಫೋಟೋ ಹಾಕಿ, "ಯುವಜನರ ಒಗ್ಗಟ್ಟು" ಎಂದು ಶೀರ್ಷಿಕೆ ಕೊಡುತ್ತೇವೆ. ಬರಲಾಗದವರು ಮನೆಯಲ್ಲಿ ಕೂತು ಆ ಫೋಟೋ ನೋಡುತ್ತಾರೆ.

"ಪ್ರಾಯೋಜಕರಿದ್ದಾರಲ್ಲ, ಗಲ್ಫಿನಲ್ಲಿರುವ ನಮ್ಮವರೇ ಅರ್ಧ ಖರ್ಚು ಕೊಡುತ್ತಾರಂತೆ" ಎಂಬ ಉತ್ತರ ಬಂದಿದೆ. ಅವರ ಮನಸ್ಸು ದೊಡ್ಡದು. ಅದಕ್ಕೆ ಕೃತಜ್ಞತೆ. ಆದರೆ ಅರ್ಧ ಹೋದರೂ ತಲೆಗೆ 5,900 ಉಳಿಯಿತು. ಪೂರ್ತಿ ಕೊಟ್ಟರೂ ಪ್ರಶ್ನೆ ಮುಗಿಯುವುದಿಲ್ಲ. ಈ ವರ್ಷ ರೆಸಾರ್ಟ್ ಕಂಡ ಮಕ್ಕಳಿಗೆ ಮುಂದಿನ ವರ್ಷ ಶಾಲೆಯ ಹಾಲಿನಲ್ಲಿ ಚಾಪೆ ಹಾಸಿದರೆ ಎಷ್ಟು ಮಂದಿ ಬರುತ್ತಾರೆ? ಪಕ್ಕದ ಧರ್ಮಕೇಂದ್ರದ ಯುವಕರು ತಮ್ಮ ಫಾದರ್ ಬಳಿ ಹೋಗಿ ಏನು ಕೇಳುತ್ತಾರೆ? ಮೊದಲ ಪರಮಪ್ರಸಾದದ ಔತಣವೂ ವಿವಾಹದ ಬೆಳ್ಳಿಹಬ್ಬವೂ ಈಗಾಗಲೇ ಒಬ್ಬರನ್ನು ನೋಡಿ ಇನ್ನೊಬ್ಬರು ಸಾಲ ಮಾಡುವ ಹಂತಕ್ಕೆ ಬಂದಿವೆ. ಆ ಸಾಲಿಗೆ ಯುವಶಿಬಿರವನ್ನೂ ಸೇರಿಸಬೇಕೇ?

ಇನ್ನು ಕಡಲಿನ ಮಾತು. ಕುಂಬಳೆ, ಮಂಜೇಶ್ವರದ ಕಡೆಯ ನಮ್ಮಂಥವರಿಗೆ ಬೇಕಲ ಹೊಸ ಊರಲ್ಲ. ಆ ಕೋಟೆಯನ್ನು ಕಟ್ಟಿಸಿದ್ದು 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ. ಕನ್ನಡಿಗರೆಂದು ನಾವು ಹೆಮ್ಮೆಯಿಂದ ತೋರಿಸುವ ಕೋಟೆ ಅದು. 1992ರಲ್ಲಿ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಲಾಯಿತು. 1995ರಲ್ಲಿ ಕೇರಳ ಸರಕಾರ ಬೇಕಲ ರೆಸಾರ್ಟ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ನಿಗಮ ನೆಲವನ್ನು ಪಡೆದು ರೆಸಾರ್ಟ್ ಕಂಪನಿಗಳಿಗೆ ಗುತ್ತಿಗೆಗೆ ಕೊಟ್ಟಿತು. ಹೀಗೆ ಚಳಿದೇಶದವರು ಬಿಸಿಲು ಹುಡುಕಿಕೊಂಡು ಬರುವ ಜಾಗವಾಯಿತು ನಮ್ಮ ಕರಾವಳಿ. ಅವರು ಬಿಸಿಲಿಗೆ ಹಣ ಕೊಟ್ಟರೆ ಅರ್ಥವಿದೆ. ಹುಟ್ಟಿದಂದಿನಿಂದ ಈ ಸೆಕೆಯಲ್ಲೇ ಬೆವರಿದ ನಾವು ಅದೇ ಬಿಸಿಲಿನ ಊರಿಗೆ ಹೋಗಿ, ಎಸಿ ಹಾಕಿಕೊಂಡು, ಗಾಜಿನೊಳಗಿಂದ ಕಡಲು ನೋಡಲು 11,800 ಕೊಡುವುದಕ್ಕೆ ಏನೆನ್ನಬೇಕು?

"ಖಾಸಗಿ ಬೀಚ್" ಎಂಬ ಮಾತಿಗೂ ಮರುಳಾಗಬೇಡಿ. ಭರತದ ಗೆರೆಗೂ ಇಳಿತದ ಗೆರೆಗೂ ನಡುವಿನ ಹೊಯಿಗೆ ಯಾವ ಹೋಟೆಲಿನ ಆಸ್ತಿಯೂ ಅಲ್ಲ. ಅದು ಎಲ್ಲರದು. ಗೋವಾದ ದೋನಾ ಪಾವ್ಲಾ ಬಳಿಯ ವಾಯಂಗಿಣಿ ಬೀಚಿಗೆ ಹೋಗುವ ದಾರಿಯ ವಿಷಯದಲ್ಲಿ ಊರವರಿಗೂ ಒಂದು ರೆಸಾರ್ಟಿಗೂ ವ್ಯಾಜ್ಯ ನಡೆದಾಗ, 2009ರಲ್ಲಿ ಸುಪ್ರೀಂ ಕೋರ್ಟ್ ಜನರ ದಾರಿಯ ಹಕ್ಕನ್ನೇ ಎತ್ತಿಹಿಡಿಯಿತು. ನಮ್ಮದೇ ರಾಜ್ಯದ ಆಲಪ್ಪುಳ ಜಿಲ್ಲೆಯಲ್ಲಿ, ವೇಂಬನಾಡ್ ಕಾಯಲಿನ ದ್ವೀಪವೊಂದರಲ್ಲಿ ಕರಾವಳಿ ನಿಯಮ ಮೀರಿ ಕಟ್ಟಿದ ಐಷಾರಾಮಿ ವಿಲ್ಲಾಗಳ ವಿರುದ್ಧ ಹೋರಾಡಿದವರು ಅಲ್ಲಿನ ಬಡ ಮೀನುಗಾರರು. 2020ರಲ್ಲಿ ಸುಪ್ರೀಂ ಕೋರ್ಟ್ ಅವನ್ನು ಕೆಡವಲು ಹೇಳಿತು. 2022ರಲ್ಲಿ ಕೆಡವುವ ಕೆಲಸ ಶುರುವಾಯಿತು. ಎಲ್ಲ ರೆಸಾರ್ಟುಗಳೂ ಕಾನೂನು ಮೀರಿವೆ ಎಂದು ನಾವು ಹೇಳುತ್ತಿಲ್ಲ. ಕಾನೂನು ಪಾಲಿಸಿದ ರೆಸಾರ್ಟಿನಲ್ಲೂ ಹೊಯಿಗೆ ಕಾಗದದ ಮೇಲೆ ಎಲ್ಲರದಾಗಿದ್ದು, ಅಲ್ಲಿಗೆ ಹೋಗುವ ದಾರಿ ಮಾತ್ರ ಕೋಣೆ ಹಿಡಿದವರದಾಗಬಹುದು.

ದಿವಂಗತ ಪೋಪ್ ಫ್ರಾನ್ಸಿಸ್ 2015ರ ತಮ್ಮ ವಿಶ್ವಪತ್ರ 'ಲೌದಾತೊ ಸಿ'ಯ 45ನೇ ಪರಿಚ್ಛೇದದಲ್ಲಿ ಇದೇ ಚಿಂತೆಯನ್ನು ಹೇಳಿದ್ದಾರೆ: ಚೆಲುವಾದ ಜಾಗಗಳು ಖಾಸಗಿಯಾಗುತ್ತಾ ಸಾಮಾನ್ಯ ಜನರ ಕೈಗೆ ಸಿಗದೆ ಹೋಗುತ್ತಿವೆ ಎಂದು. ಕಳೆದ ವರ್ಷಗಳಲ್ಲಿ ಅದೇ ವಿಶ್ವಪತ್ರದ ಹೆಸರಿನಲ್ಲಿ ನಾವು ಗಿಡ ನೆಟ್ಟಿದ್ದೇವೆ, ಭಿತ್ತಿಚಿತ್ರ ಬಿಡಿಸಿದ್ದೇವೆ. ಗಿಡ ನೆಡುವುದು ಸುಲಭ. ಈ ಪರಿಚ್ಛೇದ ನಮ್ಮ ಮೋಜಿಗೇ ಕೈ ಹಾಕುತ್ತದೆ.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಭಾನುವಾರದ ವಿಷಯ. ನಮ್ಮ ಧರ್ಮಕೇಂದ್ರದ ಹುಡುಗ ಹುಡುಗಿಯರು ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತು ಗೋವಾದಲ್ಲಿ, ಗಲ್ಫಿನಲ್ಲಿ, ಪ್ರವಾಸಿ ಹಡಗುಗಳಲ್ಲಿ ದುಡಿಯುತ್ತಿದ್ದಾರೆ. ಕ್ರಿಸ್ಮಸ್ ರಾತ್ರಿ ನಾವು ಪೂಜೆಯಲ್ಲಿದ್ದಾಗ ಅವರು ಗಾಲಾ ಡಿನ್ನರ್‌ನ ತಟ್ಟೆ ಹೊರುತ್ತಿರುತ್ತಾರೆ. ಈಗ ಯೋಚಿಸಿ: ನಾವು ಶನಿವಾರ ಹೋಗಿ ತಂಗುತ್ತೇವೆ. ಭಾನುವಾರ ಬೆಳಗ್ಗೆ ಹಾಲಿನಲ್ಲಿ ನಮಗೆ ಬಲಿಪೂಜೆ. ಅದೇ ಹೊತ್ತಿಗೆ ನಮ್ಮಂಥದ್ದೇ ಮನೆಯ ಒಬ್ಬ ಹುಡುಗಿ, ಪೂಜೆ ತಪ್ಪಿಸಿಕೊಂಡು, ನಮ್ಮ ಹಾಸಿಗೆಯ ಚಾದರ ಬದಲಿಸುತ್ತಿರುತ್ತಾಳೆ. ವಿಶ್ರಾಂತಿ ದಿನದ ಆಜ್ಞೆಯನ್ನು ಧರ್ಮೋಪದೇಶಕಾಂಡದ ಐದನೇ ಅಧ್ಯಾಯದಲ್ಲಿ ಓದಿ ನೋಡಿ. ಮನೆಯ ಯಜಮಾನನಷ್ಟೇ ಅಲ್ಲ, ಅವನ ಆಳುಗಳೂ ಅವನಂತೆಯೇ ದಣಿವಾರಿಸಿಕೊಳ್ಳಬೇಕು ಎಂದು ಅಲ್ಲಿದೆ. ಎತ್ತು ಕತ್ತೆಗಳನ್ನೂ ಬಿಟ್ಟಿಲ್ಲ. ಇನ್ನೊಬ್ಬರ ವಿಶ್ರಾಂತಿ ಕಿತ್ತುಕೊಂಡು ನಾವು ನಡೆಸುವ ಧ್ಯಾನಕೂಟಕ್ಕೆ ಆ ಆಜ್ಞೆಯಲ್ಲಿ ಜಾಗವಿಲ್ಲ.

"ರೆಸಾರ್ಟ್ ಇದ್ದರೆ ತಾನೇ ಅವರಿಗೆ ಕೆಲಸ?" ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ರೆಸಾರ್ಟ್ ಮುಚ್ಚಿಸಲು ನಾವು ಹೊರಟಿಲ್ಲ. ಸ್ವಂತ ದುಡಿಮೆಯಿಂದ ಮದುವೆಯಾದ ಹೊಸತಿನಲ್ಲಿ ಎರಡು ದಿನ ಹೋಗಿಬರುವವರನ್ನು ಹಂಗಿಸುವುದೂ ಇಲ್ಲ. ಹೋದವರು ಕೋಣೆ ಗುಡಿಸುವವರ ಹೆಸರು ಕೇಳಲಿ, ಕೈಗೆ ನೇರವಾಗಿ ಟಿಪ್ಸ್ ಕೊಡಲಿ, ವಾರದ ರಜೆ ಸಿಗುತ್ತದೆಯೇ ಎಂದು ವಿಚಾರಿಸಲಿ. ನಮ್ಮ ತಕರಾರು ಚರ್ಚಿನ ಹೆಸರಿನಲ್ಲಿ, ಎಲ್ಲರನ್ನೂ ಕರೆದಿದ್ದೇವೆ ಎಂದುಕೊಂಡು, ಕೆಲವರಿಗಷ್ಟೇ ತೆರೆಯುವ ಗೇಟಿನೊಳಗೆ ಹೋಗುವುದರ ಬಗ್ಗೆ.

ಇನ್ನೊಬ್ಬ ಹಿರಿಯರು ಬೈಬಲನ್ನೇ ನಮ್ಮತ್ತ ತಿರುಗಿಸಿದರು. ಬೆಥಾನಿಯದ ಮರಿಯಳು ದುಬಾರಿ ಸುಗಂಧತೈಲ ಸುರಿದಾಗ, ಅದನ್ನು ಮಾರಿ ಬಡವರಿಗೆ ಕೊಡಬಹುದಿತ್ತು ಎಂದವನು ಯೂದ. ನೀವೂ ಅವನ ಹಾಗೆ ಮಾತಾಡಬೇಡಿ ಎಂದರು. ಆ ತೈಲ ಯಾರ ಪಾದಕ್ಕೆ ಬಿತ್ತು ಎಂದು ಮಾತ್ರ ನಾವು ಕೇಳುತ್ತೇವೆ. ಮರಿಯಳು ಅದನ್ನು ತನ್ನ ಕಾಲಿಗೆ ಹಚ್ಚಿಕೊಳ್ಳಲಿಲ್ಲ. ಯೇಸುವಿನ ಪಾದಕ್ಕೆ ಸುರಿದಳು, ಮನೆಯವರೆಲ್ಲರಿಗೂ ಪರಿಮಳ ಸಿಕ್ಕಿತು. ಲೂಕ 16ರ ಶ್ರೀಮಂತನೂ ಲಾಜರನನ್ನು ಹೊಡೆದ ಎಂದು ಎಲ್ಲೂ ಬರೆದಿಲ್ಲ. ಅವನಿಗೆ ಒಂದು ಬಾಗಿಲಿತ್ತು, ಲಾಜರ ಅದರ ಹೊರಗಿದ್ದ, ಅಷ್ಟೇ.

ಬೇಡ ಎಂದವರು ಏನು ಬೇಕು ಎಂದೂ ಹೇಳಬೇಕು. ನಮ್ಮ ಪ್ರಸ್ತಾಪ ಹೀಗಿದೆ.

ಶಿಬಿರ ನಮ್ಮ ಶಾಲೆಯ ಹಾಲಿನಲ್ಲಿ, ಎರಡು ರಾತ್ರಿ. ಚಾಪೆ, ಹೊದಿಕೆ ಮನೆಯಿಂದ. ಅಡುಗೆ ವಾರ್ಡುಗಳ ಕುಟುಂಬಗಳಿಂದ ಸರದಿಯಲ್ಲಿ. ಬೆಳಗ್ಗೆ ಗಂಜಿ-ಚಟ್ನಿ, ಮಧ್ಯಾಹ್ನ ಮೀನು ಸಾರು. ಶುಲ್ಕ ಎಲ್ಲರಿಗೂ 300 ರೂಪಾಯಿ. ಕೊಡಲಾಗದವರ ಪಾಲು ನಿಧಿಯಿಂದ. ಯಾರದೆಂದು ಖಜಾಂಚಿಯ ಹೊರತು ಯಾರಿಗೂ ತಿಳಿಯುವುದಿಲ್ಲ. ಶನಿವಾರ ಸಂಜೆ ಎಲ್ಲರೂ ಒಟ್ಟಿಗೆ ರೈಲಿನಲ್ಲಿ ಬೇಕಲಕ್ಕೆ. ಕೋಟೆಯ ಹತ್ತಿರವೇ ನಿಲ್ದಾಣವಿದೆ. ಕೋಟೆಯ ಬುರುಜಿನಿಂದ ಕಾಣುವ ಸೂರ್ಯಾಸ್ತವೂ ರೆಸಾರ್ಟಿನ ಬಾಲ್ಕನಿಯಿಂದ ಕಾಣುವ ಸೂರ್ಯಾಸ್ತವೂ ಒಂದೇ. ಊರಿನಲ್ಲಿ ರಜೆಯ ಮೇಲಿರುವ ನಮ್ಮ ಹೋಟೆಲ್ ಕೆಲಸದ ಗೆಳೆಯರಿಗೆ ಒಂದು ಗಂಟೆ ಮೀಸಲು: ಅವರ ದುಡಿಮೆ ಹೇಗಿರುತ್ತದೆ, ಅಲ್ಲಿ ವಿಶ್ವಾಸ ಉಳಿಸಿಕೊಳ್ಳುವುದು ಹೇಗೆ ಎಂದು ಅವರ ಬಾಯಿಂದಲೇ ಕೇಳೋಣ. ಪ್ರಾಯೋಜಕ ಅಣ್ಣನವರಲ್ಲಿ ಒಂದು ವಿನಂತಿ: ತಾವು ಕೊಡಲು ಮನಸ್ಸು ಮಾಡಿದ ಹಣವನ್ನು ನಮ್ಮ ಮಕ್ಕಳ ಕಾಲೇಜು ಹಾಸ್ಟೆಲ್ ಶುಲ್ಕಕ್ಕೆ ಕೊಡಿ. ಎರಡು ರಾತ್ರಿಯ ಕೋಣೆಬಾಡಿಗೆಯಿಂದ ಹಲವು ಮಕ್ಕಳ ಓದು ನಿಲ್ಲದೆ ಸಾಗಬಹುದು.

ಮುಂದಿನ ಭಾನುವಾರ ಎರಡನೇ ಪೂಜೆಯ ನಂತರ ಶಾಲೆಯ ಹಾಲಿನಲ್ಲಿ ಯುವಜನರ ಸಭೆಯಿದೆ. ರೆಸಾರ್ಟ್ ಬೇಕೆನ್ನುವವರೂ ಬನ್ನಿ, ನಿಮ್ಮ ಲೆಕ್ಕ ಮುಂದಿಡಿ, ವಾದ ಮಾಡೋಣ. ಆದರೆ ಕೈ ಎತ್ತುವ ಮುಂಚೆ ಗಾಯನ ಮಂಡಳಿಯ ಹಿಂದಿನ ಸಾಲಿನಲ್ಲಿ ನಿಲ್ಲುವವರನ್ನು ಒಮ್ಮೆ ನೋಡಿ, ಇವರಲ್ಲಿ ಯಾರು ಬರಲಾಗದು ಎಂದು ನಿಮ್ಮಷ್ಟಕ್ಕೆ ಎಣಿಸಿಕೊಳ್ಳಿ.