ಜಿಯಾರತ್ತಿನ ಹಾದಿಯಲ್ಲಿ ಪ್ರವಾಸಿ

ಬಹಮನಿ, ಆದಿಲಶಾಹಿ ಅರಸರ ಸ್ಮಾರಕಗಳನ್ನು ನೆಚ್ಚಿಕೊಂಡು ಉತ್ತರ ಕರ್ನಾಟಕದಲ್ಲಿ ಪ್ರವಾಸೋದ್ಯಮವನ್ನು ಬೆಳೆಸಬೇಕೆನ್ನುವವರು ಸ್ಥಳೀಯ ಮುಸಲ್ಮಾನರಿಗೆ ಅಂಗಡಿ, ಉದ್ಯೋಗ, ಆದಾಯಗಳ ಆಶ್ವಾಸನೆಯನ್ನಷ್ಟೇ ನೀಡಿ ಸುಮ್ಮನಾದರೆ ಸಾಲದೆಂದೂ, ಆ ಜನರ ಧಾರ್ಮಿಕ ಸಂಸ್ಕಾರವನ್ನೇ ಈ ಕಾರ್ಯಕ್ಕೆ ಆಧಾರವಾಗಿ ಅಂಗೀಕರಿಸಬೇಕೆಂದೂ ನನ್ನ ಅಭಿಮತ. ಸಂತರ ಗೋರಿಗಳ ಜಿಯಾರತ್ತಿಗೆಂದು ದೂರದಿಂದ ಬಂದವರನ್ನು ಆದರಿಸುವ ರೂಢಿ ಈ ಸೀಮೆಯಲ್ಲಿ ಶತಮಾನಗಳಷ್ಟು ಹಳೆಯದು. 1422ರಲ್ಲಿ ಕಾಲವಾದ ಖ್ವಾಜಾ ಬಂದೇ ನವಾಜರ ಕಲಬುರಗಿಯ ದರ್ಗಾಕ್ಕೆ ಉರುಸಿನ ದಿನಗಳಲ್ಲಿ ನೆರೆಯುವ ಜನಸ್ತೋಮಕ್ಕೆ ಯಾವ ಇಲಾಖೆಯೂ ಓಲೆ ಬರೆದು ಕರೆಯಬೇಕಾಗಿಲ್ಲ.

ಇನ್ನೂ ಮನೋಜ್ಞವಾದ ದೃಷ್ಟಾಂತ ಬೀದರಿನ ಬಳಿಯ ಅಷ್ಟೂರಿನದು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದ್ ಶಾಹ ಬಹಮನಿಯು ಮುಸಲ್ಮಾನರಿಗೆ ‘ವಲಿ’ಯಾಗಿಯೂ ಅನೇಕ ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭುವಿನ ಸ್ವರೂಪನಾಗಿಯೂ ಪೂಜ್ಯನಾಗಿದ್ದು, ಹಿಂದೂ ಪಂಚಾಂಗವನ್ನನುಸರಿಸಿ ಜರುಗುವ ಅವನ ಉರುಸಿಗೆ ಮಾಡಿಯಾಳದ ಜಂಗಮರು ಬಂದು ಅಗ್ರಸ್ಥಾನ ವಹಿಸುತ್ತಾರೆ. ಅಲ್ಲಿರುವ ಅವನ ಗೋರಿಗೆ ಬರುವ ಭಕ್ತರಿಗೆ ಒಳಗೋಡೆಯ ಸುವರ್ಣಾಕ್ಷರಗಳಿಗಿಂತ ಒಳಗೆ ಮಲಗಿರುವವನು ದೊಡ್ಡವನು. ಗೋಡೆಯ ಮೇಲಣ ಅಕ್ಕರೆ ಆ ಭಕ್ತಿಯ ಬೆನ್ನ ಹಿಂದೆಯೇ ಬರುತ್ತದೆ.

ವಿಜಯಪುರದ ಗೋಳಗುಮ್ಮಟದ ಮಾತು ಬೇರೆ. 1656ರಲ್ಲಿ ಗತಿಸಿದ ಮುಹಮ್ಮದ್ ಆದಿಲಶಾಹನ ಸಮಾಧಿಮಂದಿರವದೆಂಬುದನ್ನು ಮರೆತು, ಪ್ರತಿಧ್ವನಿಯನ್ನು ಪರೀಕ್ಷಿಸುವ ನೆಪದಲ್ಲಿ ಪ್ರವಾಸಿಗಳು ಎಬ್ಬಿಸುವ ಕೂಗು, ಸಿಳ್ಳು, ಚಪ್ಪಾಳೆಗಳನ್ನು, ಗೋರಿಯೆದುರು ದನಿ ತಗ್ಗಿಸಿ ಫಾತಿಹಾ ಓದುವ ಸಂಸ್ಕಾರದಲ್ಲಿ ಬೆಳೆದವನು ಹೇಗೆ ಸಹಿಸಿಯಾನು? (ಪಿಸುಮಾತನ್ನೇ ಎದುರು ಬದಿಗೆ ಮುಟ್ಟಿಸುವ ಆ ಗ್ಯಾಲರಿಯಲ್ಲಿ ಅರಚಬೇಕಾದ ಅಗತ್ಯವಾದರೂ ಏನೋ!) ಗೋರಿಗಳ ಅಲಂಕಾರವೇ ಧರ್ಮಸಮ್ಮತವಲ್ಲವೆನ್ನುವ ಮುಸಲ್ಮಾನರೂ ಉಂಟು, ಅರಸರ ವೈಭವದ ವರ್ಣನೆಯಿಂದ ಅವರ ಮನಸ್ಸನ್ನು ಒಲಿಸಲಾಗದು. ಆದರೆ ಅದೇ ಊರಿನ ಜಾಮೀ ಮಸೀದಿಯಲ್ಲಿ ಇಂದಿಗೂ ನಮಾಜು ನಡೆಯುತ್ತಿರುವುದರಿಂದ, ಹೊಂಬಣ್ಣದ ಅದರ ಮಿಹ್ರಾಬು ಅಂಥವರಿಗೂ ಪರಕೀಯವಲ್ಲ.

ರಕ್ಷಿತವಾದ ಆರಾಧನಾಸ್ಥಳವನ್ನು ಅದರ ಸ್ವರೂಪಕ್ಕೆ ಒಗ್ಗದ ಉದ್ದೇಶಕ್ಕೆ ಬಳಸಕೂಡದೆಂದು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯೇ ವಿಧಿಸಿದೆ. ಆ ವಿಧಿಯ ಆಶಯವನ್ನು ಆರಾಧನೆಯಿಲ್ಲದ ಗೋರಿಗಳಿಗೂ ವಿಸ್ತರಿಸಿ, ಮೌನವನ್ನು ಕೋರುವ ಫಲಕವೊಂದನ್ನು ಗುಮ್ಮಟದ ಬಾಗಿಲಲ್ಲಿಡುವುದಕ್ಕೂ, ಶಾಸನಗಳ ಪಾರಸೀ ಲಿಪಿಯನ್ನು ಓದಿ ಕನ್ನಡದಲ್ಲಿ ವಿವರಿಸುವಂತೆ ಊರಿನ ತರುಣರನ್ನು ತರಬೇತಿಗೊಳಿಸಿ ಮಾರ್ಗದರ್ಶಕರನ್ನಾಗಿ ನೇಮಿಸುವುದಕ್ಕೂ ಇಲಾಖೆಗೆ ಹೊಸ ಕಾನೂನೇನೂ ಬೇಕಾಗದು.